ಇಲಿಯ ಬಸಿರು ಬೇರೆ, ನಮ್ಮ ಬಸಿರು ಬೇರೆ

ಪ್ರಶ್ನೆ: ಡಾಕ್ಟರೇ, ನನಗೀಗ ಐದು ತಿಂಗಳು. ಮಾತ್ರೆಯ ಜೊತೆ ಬಂದ ಚೀಟಿಯಲ್ಲಿ ಪ್ರಾಣಿಗಳ ಮೇಲೆ ಪರೀಕ್ಷೆಯಾಗಿದೆ, ಗರ್ಭಿಣಿಯರ ಬಗ್ಗೆ ಮಾಹಿತಿ ಸಾಲದು ಎಂದಿದೆ. ಮೂಕ ಪ್ರಾಣಿಗಳಿಗೆ ಹಿಂಸೆಯೂ ಆಯಿತು, ನಮಗೆ ಉತ್ತರವೂ ಸಿಗಲಿಲ್ಲ. ಈಗ ಲ್ಯಾಬಿನಲ್ಲೇ ಮಾಸು (ತಾಯಿಯಿಂದ ಮಗುವಿಗೆ ಆಹಾರ ದಾಟಿಸುವ ಪ್ಲಾಸೆಂಟಾ) ಬೆಳೆಸುತ್ತಾರಂತೆ, ನಿಜವೇ?
— ಎಸ್., ದಾವಣಗೆರೆ

ಉತ್ತರ: ನಿಜ ಕಣಮ್ಮ. ಆದರೆ ಚೀಟಿ ಓದಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದನ್ನು ನಿಮ್ಮ ಡಾಕ್ಟರಿಗೆ ತೋರಿಸಿ ಕೇಳಿ.

ಥಾಲಿಡೋಮೈಡ್ ಎಂಬ ಮಾತ್ರೆ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂತು. ಬಸಿರಿನ ವಾಂತಿಗೂ ಅದನ್ನು ನುಂಗಿದರು. 1961ರಲ್ಲಿ ವಾಪಸ್ ಪಡೆಯುವ ಹೊತ್ತಿಗೆ ಸಾವಿರಾರು ಮಕ್ಕಳಿಗೆ ಕೈಕಾಲು ಸರಿಯಾಗಿ ಬೆಳೆದಿರಲಿಲ್ಲ. ಆಮೇಲೆ ಪರೀಕ್ಷಿಸಿದಾಗ ಮೊಲದ ಮರಿಗಳಲ್ಲಿ ಆ ತೊಂದರೆ ಕಂಡಿತು. ಇಲಿಗಳಲ್ಲಿ ಹೆಚ್ಚೇನೂ ಕಾಣಲಿಲ್ಲ. ಇಲಿಯನ್ನಷ್ಟೇ ನಂಬಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ನನ್ನನ್ನು ಜಾಸ್ತಿ ಕಾಡುವುದು ಬಸಿರಿನ ಬಿಪಿ. ಹೆರಿಗೆ ವಾರ್ಡಿನಲ್ಲಿ ಬಿಪಿ ಏರಿ ಫಿಟ್ಸ್ ಬಂದ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಫಿಟ್ಸ್ ತಡೆಯಲು ಮೆಗ್ನೀಷಿಯಂ ಇಂಜೆಕ್ಷನ್ ಇದೆ. ಆದರೆ ರೋಗ ಇಳಿಯಬೇಕಾದರೆ ಹೆರಿಗೆಯಾಗಿ ಮಾಸು ಹೊರಬರಬೇಕು. ನಮ್ಮಲ್ಲಿ ಮಾಸಿನ ಕೋಶಗಳು ಗರ್ಭಕೋಶದೊಳಗೆ ಆಳಕ್ಕಿಳಿದು ತಾಯಿಯ ರಕ್ತನಾಳಗಳನ್ನು ಅಗಲ ಮಾಡುತ್ತವೆ. ಅದು ಸರಿಯಾಗದಿದ್ದಾಗಲೇ ಎಷ್ಟೋ ಸಲ ಈ ಕಾಯಿಲೆ ಶುರು. ಇಲಿಯ ಬಸಿರು ಮೂರೇ ವಾರ. ಲ್ಯಾಬಿನ ಸಣ್ಣ ಇಲಿಯಲ್ಲಂತೂ (ಮೌಸ್) ಮಾಸು ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ಈ ಕಾಯಿಲೆ ಇಲಿಗಳಿಗೆ ಸಾಮಾನ್ಯವಾಗಿ ತಾನಾಗಿ ಬರುವುದೂ ಇಲ್ಲ. ಅವುಗಳಲ್ಲಿ ಇದನ್ನು ಹುಡುಕುವುದು ಹೇಗೆ ಹೇಳಿ?

2018ರಲ್ಲಿ ಕೇಂಬ್ರಿಡ್ಜ್‌ನ ಮಾರ್ಗರಿಟಾ ಟುರ್ಕೊ ಮತ್ತು ಸಂಗಡಿಗರು ಮೊದಲ ತಿಂಗಳುಗಳ ಮಾಸಿನ ಕೋಶಗಳಿಂದ ಪುಟಾಣಿ ಮಾಸುಗಳನ್ನು ಬೆಳೆಸಿದರು. ಅವು ಬೆಳೆದ ದ್ರವಕ್ಕೆ ಪ್ರೆಗ್ನೆನ್ಸಿ ಟೆಸ್ಟ್ ಮಾಡಿದರೆ ಪಾಸಿಟಿವ್ ಬಂತು! ಅಂದರೆ ಬಸಿರಿನ ಹಾರ್ಮೋನನ್ನೂ ಅವು ಸುರಿಸುತ್ತಿದ್ದವು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಣ್ಣ ಚಿಪ್‌ನೊಳಗೆ ತೆಳು ಪೊರೆಯ ಒಂದು ಬದಿಗೆ ಮಾಸಿನ ಕೋಶ, ಇನ್ನೊಂದು ಬದಿಗೆ ಮಗುವಿನ ರಕ್ತನಾಳದ ಕೋಶ ಬೆಳೆಸಿದರು. ತಾಯಿಯ ಕಡೆ ಹಾಕಿದ ಔಷಧಿ ಮಗುವಿನ ಕಡೆಗೆ ಎಷ್ಟು ದಾಟುತ್ತದೆ ಎಂದು ಅಲ್ಲೇ ಅಳೆಯಬಹುದು.

ಆದರೆ ಚಿಪ್‌ನಲ್ಲಿ ತಾಯಿಯ ಲಿವರ್ ಇಲ್ಲ, ಬೆಳೆಯುವ ಮಗು ಇಲ್ಲ, ಒಂಬತ್ತು ತಿಂಗಳೂ ಇಲ್ಲ. ಹಾಗಾಗಿ ಪ್ರಾಣಿಗಳ ಬಳಕೆ ನಾಳೆಯೇ ನಿಲ್ಲುವುದಿಲ್ಲ. ಆದರೂ ನಮ್ಮ ದೇಶದಲ್ಲೂ 2023ರಲ್ಲಿ ಔಷಧ ಪರೀಕ್ಷೆಯ ನಿಯಮ ತಿದ್ದಿ ಪ್ರಾಣಿಗಳಿಲ್ಲದ ಇಂಥ ವಿಧಾನಗಳಿಗೆ ಜಾಗ ಕೊಟ್ಟರು. ನನಗೆ ತುಂಬಾ ಸಮಾಧಾನ ತಂದ ಸುದ್ದಿ ಅದು.

ಹೆರಿಗೆಯಾದ ಮೇಲೆ ನಾವು ಎಸೆಯುವ ಮಾಸನ್ನೂ ಲ್ಯಾಬಿನಲ್ಲಿ ಕೆಲವು ಗಂಟೆ ಜೀವಂತವಾಗಿಟ್ಟು ಔಷಧಿ ಹರಿಸಿ ನೋಡುತ್ತಾರೆ. ನಿಮ್ಮ ಆಸ್ಪತ್ರೆಯಲ್ಲಿ ಸಂಶೋಧನೆಗೆಂದು ಮಾಸು ಕೇಳಿದರೆ ಒಪ್ಪಿಗೆ ಪತ್ರ ಓದಿ, ಮನಸ್ಸಿದ್ದರೆ ಕೊಡಿ. ಮಗು ಹುಟ್ಟಿದ ಮೇಲೆ ತೆಗೆದುಕೊಳ್ಳುವುದರಿಂದ ನಿಮಗೂ ಮಗುವಿಗೂ ತೊಂದರೆಯಿಲ್ಲ.