ಮಂಗಳೂರಿನ ಮಳೆಗಾಲದಲ್ಲಿ 1/48 ಗಂಡಮ್ ಕಟ್ಟಬಹುದೇ? ಕಟ್ಟಿದ ಮೇಲೆ ಎಲ್ಲಿಡುವುದು?

ನೀವು ಕೇಳಿದ್ದು ಇಷ್ಟು: ಜಪಾನಿನ ಬಂಡೈಯವರ ಮೆಗಾ ಸೈಜ್ 1/48 ಆರ್‌ಎಕ್ಸ್-78-2 ಕಿಟ್, ಅಂದರೆ ಗಂಡಮ್ ಎಂಬ ಅನಿಮೆ ರೋಬೋವಿನ ಜೋಡಿಸುವ ಪ್ಲಾಸ್ಟಿಕ್ ಮಾಡೆಲ್, ತರಿಸಿದ್ದೀರಿ, ಕದ್ರಿಯಲ್ಲಿ ಪಡುವಣ ಬಾಲ್ಕನಿಯ ಮನೆ, ಹೊರಗೆ ಜಡಿಮಳೆ. ಬಣ್ಣ ಹೊಡೆಯಲೇಬೇಕೇ, ಕಪಾಟಿನ ಮೇಲೆ ಹಾಗೇ ನಿಲ್ಲಿಸಿದರೆ ಆದೀತೇ?

ಕಟ್ಟುವುದನ್ನು ಇವತ್ತೇ ಶುರುಮಾಡಿ. ಸ್ಪ್ರೇ ಡಬ್ಬಿಯನ್ನು ಮಾತ್ರ ದೀಪಾವಳಿ ಕಳೆಯುವವರೆಗೆ ಮುಟ್ಟಬೇಡಿ.

ದೊಡ್ಡ ಕಿಟ್ ಎಂದರೆ ಕಷ್ಟದ ಕಿಟ್ ಎಂದೇನೂ ಇಲ್ಲ. ಅನಿಮೆ ಕತೆಯಲ್ಲಿ ಈ ರೋಬೋ 18 ಮೀಟರ್ ಎತ್ತರ. 1/48ರಲ್ಲಿ ಅದು 37.5 ಸೆಂ.ಮೀ. ಆಗುತ್ತದೆ. 30 ಸೆಂ.ಮೀ. ಇರುವ 1/60 ಪರ್ಫೆಕ್ಟ್ ಗ್ರೇಡ್ ಎಂಬ ಕಿಟ್ ಇದಕ್ಕಿಂತ ಎಷ್ಟೋ ಪಾಲು ಜಟಿಲ. ಮೆಗಾ ಸೈಜ್‌ನಲ್ಲಿ ಭಾಗಗಳು ದೊಡ್ಡವು, ಬಣ್ಣ ಪ್ಲಾಸ್ಟಿಕ್ಕಿನಲ್ಲೇ ಇದೆ, ಒಂದಕ್ಕೊಂದು ಒತ್ತಿದರೆ ಕೂರುತ್ತವೆ, ಅಂಟು ಬೇಡ. ಹಾಗಾಗಿ ಬಣ್ಣ ಹೊಡೆಯಲೇಬೇಕೆಂದಿಲ್ಲ.

ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಫ್ರೇಮಿನಿಂದ ಅವನ್ನು ಕೈಯಿಂದಲೇ ಬಿಡಿಸಬಹುದಾದ ಕಿಟ್ ಇದು. ಆದರೂ ನಾನು ನಿಪ್ಪರ್ (ಕತ್ತರಿಸುವ ಇಕ್ಕಳ) ಹಿಡಿಯಿರಿ ಎಂದೇ ಹೇಳುತ್ತೇನೆ. ತಿರುಚಿ ಕಿತ್ತರೆ ಗೇಟ್, ಅಂದರೆ ಭಾಗ ಫ್ರೇಮಿಗೆ ಅಂಟಿಕೊಂಡ ತುಂಡು, ಇದ್ದ ಜಾಗದಲ್ಲಿ ಸಣ್ಣ ಗುಳಿ ಬೀಳುತ್ತದೆ. ಅಂಗೈಯಗಲದ ನೀಲಿ ಎದೆಯ ಮೇಲೆ ಆ ಗುಳಿ ಎದ್ದು ಕಾಣುತ್ತದೆ, ಮರಳುಕಾಗದಕ್ಕೂ ಹೋಗುವುದಿಲ್ಲ. ಮೊದಲ ಸಲ 3 ಮಿ.ಮೀ. ಬಿಟ್ಟು ಕತ್ತರಿಸಿ, ಎರಡನೇ ಸಲ ಅರ್ಧ ಮಿ.ಮೀ. ಉಳಿಸಿ. ಆ ಉಳಿದ ಮೊಳೆಯನ್ನು 400, 600, 800, 1000 ನಂಬರಿನ ವಾಟರ್ ಪೇಪರ್‌ನಲ್ಲಿ ಇದೇ ಕ್ರಮದಲ್ಲಿ, ನೀರು ಹಚ್ಚಿ ಉಜ್ಜಿ. ಒಂದೇ ಏಟಿಗೆ ಬುಡದಲ್ಲಿ ಕತ್ತರಿಸಿದರೆ ಪ್ಲಾಸ್ಟಿಕ್ ಸೆಳೆತಕ್ಕೆ ಬಿಳಿಚಿಕೊಳ್ಳುತ್ತದೆ. ಬಿಳಿ ಭಾಗದಲ್ಲಿ ಅದು ಅಷ್ಟಾಗಿ ಕಾಣದು, ನೀಲಿ ಎದೆಯಲ್ಲೂ ಕೆಂಪು ಪಾದದಲ್ಲೂ ಖಂಡಿತ ಕಾಣುತ್ತದೆ.

ಭಾಗಗಳ ಮೇಲೆ ಕೊರೆದಿರುವ ಗೆರೆಗಳಿಗೆ ಬಣ್ಣ ತುಂಬುವಾಗ ಅವಸರ ಬೇಡ. ಹರಿಯುವ ಎನಾಮೆಲ್ ದ್ರವ ಚಂದ ಕೂರುತ್ತದೆ, ನಿಜ. ಆದರೆ ಅದರಲ್ಲಿರುವ ಥಿನ್ನರ್ ಬಿಗಿಯಾಗಿ ಕೂತ ಪೆಗ್ಗಿನ ಸಂದಿಗೆ ಇಳಿದರೆ ಪ್ಲಾಸ್ಟಿಕ್ ಒಳಗಿಂದಲೇ ಸೀಳುತ್ತದೆ, ಎಬಿಎಸ್ ಎಂಬ ಬಗೆಯ ಪ್ಲಾಸ್ಟಿಕ್ ಆದರೆ ಇನ್ನೂ ಬೇಗ. ಯಾವ ಫ್ರೇಮ್ ಯಾವ ಪ್ಲಾಸ್ಟಿಕ್ ಎಂಬುದು ಆ ಫ್ರೇಮಿನ ಅಂಚಿನ ಪಟ್ಟಿಯಲ್ಲೇ ಇರುತ್ತದೆ: ಪಿಎಸ್, ಎಬಿಎಸ್, ಪಿಇ. ಮೊದಲ ದೊಡ್ಡ ಕಿಟ್ಟಿಗೆ ಸಣ್ಣ ಮೊನೆಯ ಮಾರ್ಕರ್ ಪೆನ್ನು ಸಾಕು. ಗೆರೆ ಎಳೆದು, ಹೊರಗೆ ಹರಡಿದ್ದನ್ನು ಬೆರಳಲ್ಲಿ ಒರೆಸಿ. ಬಿಳಿಗೆ ಬೂದು ಬಣ್ಣ, ಕೆಂಪು ಹಳದಿಗೆ ಕಂದು. ಬಿಳಿಯ ಮೇಲೆ ಕಪ್ಪು ಗೆರೆ ಎಳೆದರೆ ಇಷ್ಟು ದೊಡ್ಡ ಮಾಡೆಲ್ ಆಟಿಕೆಯ ಹಾಗೆ ಕಾಣುತ್ತದೆ.

ಇನ್ನು ಸ್ಪ್ರೇ. ಹೊಳೆಯುವ ಪ್ಲಾಸ್ಟಿಕ್ಕನ್ನು ಮಂಕುಮಾಡುವ ಮ್ಯಾಟ್ ಕೋಟ್ ಒಂದನ್ನಾದರೂ ಕೊಡಿ. ಉಜ್ಜಿದ ಕಲೆಗಳೆಲ್ಲ ಅದರಡಿ ಮುಚ್ಚಿಹೋಗುತ್ತವೆ. ಆದರೆ ಜಡಿಮಳೆಯ ಆಟಿ ತಿಂಗಳಲ್ಲಿ ಹೊಡೆದರೆ ಏನಾಗುತ್ತದೆ ಗೊತ್ತೇ? ಸ್ಪ್ರೇಯ ದ್ರಾವಕ ಆರುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲ್ಮೈಗೆ ಗಾಳಿಯ ಪಸೆ ಬಂದು ಕೂರುತ್ತದೆ, ತಂಪು ಸೋಡಾ ಬಾಟಲಿಯ ಹೊರಗೆ ನೀರು ಕೂತ ಹಾಗೆ. ಆ ಪಸೆ ಕೋಟಿನೊಳಗೆ ಸಿಕ್ಕಿಬಿದ್ದು, ನೀಲಿ ಎದೆಯ ಮೇಲೆ ಅಕ್ಕಿಹಿಟ್ಟು ಉದುರಿದ ಹಾಗೆ ಬೆಳ್ಳಗಾಗುತ್ತದೆ. ನಾಲ್ಕೈದು ನೂರು ರೂಪಾಯಿಯ ತೇವಾಂಶ ಮಾಪಕ ಒಂದನ್ನು ತಂದಿಡಿ. 70 ಶೇಕಡಾ ದಾಟಿದ್ದರೆ ಡಬ್ಬಿ ಎತ್ತಬೇಡಿ. ನಮ್ಮಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ಹಗಲು ಒಳ್ಳೆಯದು. ಏಸಿ ಕೋಣೆಯಲ್ಲಿ ತೇವ ಕಮ್ಮಿ ಎಂದು ಬಾಗಿಲು ಮುಚ್ಚಿ ಹೊಡೆಯುವ ಯೋಚನೆ ಬಂದರೆ ಬಿಟ್ಟುಬಿಡಿ ಮಾರಾಯ್ರೆ, ಆ ಹೊಗೆ ತಲೆಗೇರುತ್ತದೆ. ಬಾಲ್ಕನಿಯೇ ಆಗಬೇಕು, ಮುಖಕ್ಕೆ ಮಾಸ್ಕ್ ಬೇಕು. 20-25 ಸೆಂ.ಮೀ. ದೂರದಿಂದ ತೆಳ್ಳಗೆ ಎರಡು ಮೂರು ಸಲ, ನಡುವೆ 15 ನಿಮಿಷ ಬಿಟ್ಟು. ಕಣ್ಣಿನಂಥ ಪಾರದರ್ಶಕ ಭಾಗಗಳನ್ನು ಮೊದಲೇ ತೆಗೆದಿಡಿ, ಇಲ್ಲವಾದರೆ ಅವೂ ಮಂಕಾಗುತ್ತವೆ.

ಮುರಿದ ಭಾಗಕ್ಕೆ ಸೂಪರ್ ಗ್ಲೂ ಹಾಕುವಾಗಲೂ ಮಳೆಗಾಲ ನೆನಪಿರಲಿ. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಈಗ ಕಣ್ಣುಮುಚ್ಚಿ ತೆರೆಯುವುದರೊಳಗೆ ಹಿಡಿಯುತ್ತದೆ, ಸುತ್ತ ಬಿಳಿ ಮಬ್ಬನ್ನೂ ಬಿಡುತ್ತದೆ. ಪಿಎಸ್ ಭಾಗಗಳಿಗೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ತೆಳು ಸಿಮೆಂಟೇ ಮೇಲು.

ನಿಲ್ಲಿಸುವ ವಿಚಾರಕ್ಕೆ ಬರೋಣ. 12.5 ಸೆಂ.ಮೀ. ಇರುವ 1/144 ಮಾಡೆಲಿಗಿಂತ ಇದು 3 ಪಟ್ಟು ಎತ್ತರ. ಹಾಗೆ ಹಿಗ್ಗಿಸಿದಾಗ ಕೀಲಿನ ಅಡ್ಡಕೊಯ್ತದ ವಿಸ್ತೀರ್ಣ 9 ಪಟ್ಟಾಗುತ್ತದೆ, ಗಾತ್ರ 27 ಪಟ್ಟು. ಒಳಗೆಲ್ಲ ಟೊಳ್ಳಾದ್ದರಿಂದ ತೂಕ ಅಷ್ಟು ಏರುವುದಿಲ್ಲ, ಆದರೂ ಗುರಾಣಿ ಹಿಡಿದ ಕೈಯನ್ನು ಅಡ್ಡಕ್ಕೆ ಚಾಚಿ ತಿಂಗಳುಗಟ್ಟಲೆ ಬಿಟ್ಟರೆ ಭುಜ ಜೋಲುತ್ತದೆ. ಮೊಣಕೈ ಮಡಚಿ ಗುರಾಣಿಯನ್ನು ಮೈಗೆ ಹತ್ತಿರ ಇಡಿ, ಪಾದಗಳನ್ನು ಭುಜದಗಲಕ್ಕಿಂತ ಚೂರು ಹೆಚ್ಚು ಅಗಲಿಸಿ. ಗುಂಡುಕೀಲು ಸಡಿಲಾದರೆ ಗುಂಡಿನ ಮೇಲೆ ಪಾರದರ್ಶಕ ಉಗುರುಬಣ್ಣ ತೆಳ್ಳಗೆ ಬಳಿದು, ಒಂದು ಇಡೀ ದಿನ ಒಣಗಿಸಿ ಕೂರಿಸಿ. ಹಸಿ ಇರುವಾಗ ಕೂರಿಸಿದರೆ ಆ ಕೀಲು ಮತ್ತೆ ಅಲ್ಲಾಡುವುದಿಲ್ಲ.

ಕಪಾಟಿನ ಮೇಲೆ ತೆರೆದಿಡುವುದು ಬೇಡ. ಧೂಳು ಹಾಗಿರಲಿ, ಹಲ್ಲಿ ಇದೆಯಲ್ಲ! ಮ್ಯಾಟ್ ಕೋಟಿನ ಮೇಲೆ ಬಿದ್ದ ಹಲ್ಲಿ ಹಿಕ್ಕೆ ಒರೆಸಿದರೂ ಗುರುತು ಉಳಿಯುತ್ತದೆ. ಸೈನ್‌ಬೋರ್ಡ್ ಮಾಡುವ ಅಂಗಡಿಯಲ್ಲಿ 4 ಮಿ.ಮೀ. ಅಕ್ರಿಲಿಕ್ ಹಾಳೆ ಕೊಯ್ಯಿಸಿ ಪೆಟ್ಟಿಗೆ ಮಾಡಿಸಿ: ಒಳಗೆ 50 ಸೆಂ.ಮೀ. ಎತ್ತರ, 40 ಅಗಲ, 35 ಆಳ. ತಳ ಬಿಟ್ಟು ಐದು ಹಾಳೆಗೆ 4 ಕಿಲೋ ಚಿಲ್ಲರೆ ತೂಗುತ್ತದೆ. ಅದೇ ದಪ್ಪದ ಗಾಜಾದರೆ 9 ಕಿಲೋದ ಹತ್ತಿರ, ಒಬ್ಬರೇ ಎತ್ತಿ ತೆಗೆಯುವುದು ಕಷ್ಟ. ಬಣ್ಣ ಹೊಡೆದು ಒಂದು ವಾರವಾದರೂ ಹೊರಗೆ ಆರಿಸಿ ಆಮೇಲೆ ಮುಚ್ಚಿ. ಮುಚ್ಚಿದ ಪೆಟ್ಟಿಗೆಯಲ್ಲಿ ಪಸೆ ಸಿಕ್ಕಿಕೊಂಡರೆ ಕಾಗದದ ಹಿನ್ನೆಲೆಗೂ ಮರದ ತಳಕ್ಕೂ ಬೂಷ್ಟು ಹಿಡಿಯುತ್ತದೆ. ಪಾದದ ಹಿಂದೆ 100 ಗ್ರಾಂ ಸಿಲಿಕಾ ಜೆಲ್ ಇಡಿ. ಕಿತ್ತಳೆ ಬಣ್ಣದ ಕಾಳು ಹಸಿರಾದಾಗ ಓವನ್ನಿನಲ್ಲಿ 110 ಡಿಗ್ರಿಗೆ ಎರಡು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು.

ಜಾಗ ಮಾತ್ರ ಪಡುವಣ ಕಿಟಕಿಯ ಎದುರು ಬೇಡ. ಸಂಜೆ ಬಿಸಿಲು ಬೀಳುವ ಕಡೆ ಬಿಳಿ ಪ್ಲಾಸ್ಟಿಕ್ ಕೆಲವೇ ವರ್ಷದಲ್ಲಿ ಹಳದಿಗೆ ತಿರುಗುತ್ತದೆ, ಅದೂ ಬಿಸಿಲು ತಾಗಿದ ಅರ್ಧ ಮೈ ಮಾತ್ರ. ಒಳಗೋಡೆಯ ಪಕ್ಕ ಇಟ್ಟು, ಮೇಲಿನಿಂದ 5 ವೋಲ್ಟಿನ ಎಲ್ಇಡಿ ಪಟ್ಟಿ ಹಾಕಿ.