ಎಸ್‌ಟಿಎಂನಲ್ಲಿ ಅಣು ಕಂಡರೆ ಅದರೊಳಗಿನ ಮ್ಯಾಗ್ನೆಟ್ಟೂ ಕಂಡ ಹಾಗೇನಾ?

ಧಾರವಾಡದಲ್ಲಿ ಎಂಎಸ್ಸಿ ಮಾಡ್ತಿದ್ದೀರಿ, ಸಿಂಗಲ್ ಮಾಲಿಕ್ಯೂಲ್ ಮ್ಯಾಗ್ನೆಟ್ ಮೇಲೆ ಪಿಎಚ್‌ಡಿ ಮಾಡೋ ಆಸೆ, ಎಸ್‌ಟಿಎಂನಲ್ಲಿ ಅಣುವೇ ಕಾಣುವಾಗ ಇನ್ನು ಕಷ್ಟವೇನು ಅಂತ ಕೇಳಿದ್ದೀರಿ. (ಸಿಂಗಲ್ ಮಾಲಿಕ್ಯೂಲ್ ಮ್ಯಾಗ್ನೆಟ್ ಅಂದರೆ ತಾನೊಂದೇ ಪುಟ್ಟ ಮ್ಯಾಗ್ನೆಟ್ ಆಗಿರುವ ಅಣು. ಎಸ್‌ಟಿಎಂ ಅಂದರೆ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪ್, ಚೂಪು ಮೊನೆಯನ್ನು ಮೇಲ್ಮೈಗೆ ತೀರಾ ಹತ್ತಿರ ತಂದು ನಡುವಿನ ಕರೆಂಟಿನಿಂದ ಚಿತ್ರ ತೆಗೆಯುವ ಯಂತ್ರ.) ನಾನು ಪುಣೆಯಲ್ಲಿ ಇದೇ ಕೆಲಸ ಮಾಡ್ತಿದ್ದೇನೆ, ಈಗ ನಾಲ್ಕನೇ ವರ್ಷ. ಅಣು ಕಂಡ ಮೇಲೇ ಕಷ್ಟ ಶುರು.

ಹನ್ನೆರಡು ಮ್ಯಾಂಗನೀಸ್ ಅಯಾನುಗಳ Mn12 ಅಣು ಗೊತ್ತಲ್ವಾ? ಈ ಕ್ಷೇತ್ರ ಬೆಳೆದದ್ದೇ 1993ರಲ್ಲಿ ಅದರ ಗುಣ ತಿಳಿದ ಮೇಲೆ. ಹರಳಿನೊಳಗೆ, 2 ಕೆಲ್ವಿನ್ ತಣ್ಣಗೆ ಇಟ್ಟರೆ ತನ್ನ ಮ್ಯಾಗ್ನೆಟ್ಟಿನ ದಿಕ್ಕನ್ನು ತಿಂಗಳುಗಟ್ಟಲೆ ಮರೆಯುವುದಿಲ್ಲ. ಅದನ್ನೇ ಚಿನ್ನದ ಮೇಲೆ ಇಟ್ಟರೆ ಕೆಲವು ಮ್ಯಾಂಗನೀಸ್‌ಗಳು ಎಲೆಕ್ಟ್ರಾನ್ ಪಡೆದು ಬದಲಾಗಿಬಿಡುತ್ತವೆ, ಆ ನೆನಪೂ ಹೋಗುತ್ತದೆ. ಕಾಯಿಸಿ ಆವಿ ಮಾಡಲು ಹೋದರೆ ಅಣುವೇ ಒಡೆಯುತ್ತದೆ.

ಅದಕ್ಕೇ ನಾವು TbPc2 ಹಿಡಿದಿದ್ದೇವೆ. ನಡುವೆ ಒಂದು ಟರ್ಬಿಯಂ, ಮೇಲೆ ಕೆಳಗೆ ಒಂದೊಂದು ಥಾಲೋಸಯನಿನ್ ತಟ್ಟೆ. ಇದು ಕಾಯಿಸಿದರೆ ಆವಿಯಾಗಿ ಬಂದು ಲೋಹದ ಮೇಲೆ ಕೂರುತ್ತದೆ. ಆದರೆ ಎಲ್ಲವೂ ಇಡಿಯಾಗಿ ಬರುವುದಿಲ್ಲ, ಕೆಲವಕ್ಕೆ ಒಂದು ತಟ್ಟೆ ಕಳಚಿರುತ್ತದೆ. ಚಿತ್ರದಲ್ಲಿ ಇಡೀ ಅಣು ಎಂಟೆಸಳಿನ ಹೂವಿನ ಹಾಗೆ, ಕಳಚಿದ್ದು ನಾಲ್ಕೆಸಳಿನ ಹಾಗೆ. ಮೊದಲ ಮಳೆಗಾಲದಲ್ಲಿ ನಾನು ಮೂರು ವಾರ ಅಳೆದದ್ದೆಲ್ಲ ನಾಲ್ಕೆಸಳಿನವನ್ನೇ. ನನ್ನ ಗೈಡ್ ಸುಮ್ನೆ ಪರದೆಯ ಮೇಲೆ ಬೆರಳಿಟ್ಟು ಎಸಳು ಎಣಿಸಿದರು. ಆವತ್ತಿನಿಂದ ಎಣಿಸದೆ ನಾನು ಸ್ಪೆಕ್ಟ್ರಂ (ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಅಳೆದ ಗ್ರಾಫ್) ತೆಗೆದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಚಿನ್ನದ ಮೇಲಿನ TbPc2 ಮೇಲೆ ಮೊನೆ ನಿಲ್ಲಿಸಿ ವೋಲ್ಟೇಜ್ ಬದಲಿಸುತ್ತಾ ಹೋದರೆ ಸೊನ್ನೆಯ ಹತ್ತಿರ ಒಂದು ಚೂಪಾದ ಶಿಖರ ಬರುತ್ತದೆ, ಕೊಂಡೋ ಶಿಖರ. ಅಣುವಿನ ಒಂಟಿ ಎಲೆಕ್ಟ್ರಾನಿನ ಸ್ಪಿನ್ ಲೋಹದ ಎಲೆಕ್ಟ್ರಾನುಗಳ ಜೊತೆ ಸೇರಿದಾಗ ಕಾಣುವ ಗುರುತು ಅದು. ನೋಡಿದ ಕೂಡಲೇ ಟರ್ಬಿಯಂ ಸಿಕ್ಕಿತು ಅನಿಸುತ್ತದೆ. ಅಲ್ಲ. ಅದು ತಟ್ಟೆಗಳ ಮೇಲೆ ಹರಡಿಕೊಂಡಿರುವ ಒಂಟಿ ಎಲೆಕ್ಟ್ರಾನಿನದು. ಮ್ಯಾಗ್ನೆಟ್‌ಗೆ ಕಾರಣವಾದ ಟರ್ಬಿಯಂನ 4f ಎಲೆಕ್ಟ್ರಾನುಗಳು ತುಂಬಾ ಒಳಗಿವೆ, ನಮ್ಮ ಕರೆಂಟ್ ಅವುಗಳನ್ನು ನೇರವಾಗಿ ಮುಟ್ಟುವುದು ಬಹಳ ಕಡಿಮೆ. ಅದಕ್ಕೇ ಇಂಥದ್ದೇ ಸ್ಯಾಂಪಲ್ಲನ್ನು ಸಿಂಕ್ರೊಟ್ರಾನ್‌ಗೆ ಒಯ್ದು ಎಕ್ಸ್‌ಎಂಸಿಡಿ ಮಾಡಬೇಕು (ಸಿಂಕ್ರೊಟ್ರಾನ್ ಅಂದರೆ ಬಲವಾದ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ, ಎಕ್ಸ್‌ಎಂಸಿಡಿ ಅಂದರೆ ಆ ಎಕ್ಸ್-ರೇಯಿಂದ ಒಂದೇ ಧಾತುವಿನ ಮ್ಯಾಗ್ನೆಟಿಸಂ ಅಳೆಯುವ ವಿಧಾನ), ನೆನಪು ಉಳಿದಿದೆಯೋ ಇಲ್ಲವೋ ಅಲ್ಲಿ ತಿಳಿಯುತ್ತದೆ. ಬೆಳ್ಳಿಯ ಮೇಲೆ ಮೆಗ್ನೀಸಿಯಂ ಆಕ್ಸೈಡಿನ ತೆಳು ಪದರ ಹಾಕಿ ಅದರ ಮೇಲೆ TbPc2 ಕೂರಿಸಿದರೆ ನೆನಪು ಎಷ್ಟೋ ಚೆನ್ನಾಗಿ ಉಳಿಯುತ್ತದೆ ಅಂತ 2016ರಲ್ಲಿ ತೋರಿಸಿದ್ದೂ ಹೀಗೆ ಅಳೆದೇ. ನನಗೆ ಈ ಕೆಲಸದಲ್ಲಿ ಜಾಸ್ತಿ ಇಷ್ಟ ಇದೇ, ಕೆಳಗಿನ ಎರಡು ಮೂರು ಪದರ ಪರಮಾಣುಗಳು ಒಂದು ಅಣುವಿನ ಹಣೆಬರಹ ಬರೆಯುತ್ತವೆ.

ದಿನಚರಿ ಅಂದರೆ ವ್ಯಾಕ್ಯೂಮ್, ಲಿಕ್ವಿಡ್ ಹೀಲಿಯಂ, ರಾತ್ರಿ ಕೆಲಸ. ಮೊನೆ ಒಂದು ಆಂಗ್‌ಸ್ಟ್ರಾಂ ಮೇಲೆ ಕೆಳಗಾದರೆ ಕರೆಂಟ್ ಹೆಚ್ಚುಕಡಿಮೆ ಹತ್ತು ಪಟ್ಟು ಬದಲಾಗುತ್ತದೆ. ಹಾಗಾಗಿ ಪಾಷಾಣ ರಸ್ತೆಯ ಬಸ್ಸು ಲಾರಿ ಕಡಿಮೆಯಾದ ಮೇಲೇ ನಮ್ಮ ಒಳ್ಳೆಯ ಡೇಟಾ ಬರುವುದು.

ಅರ್ಜಿ ಹಾಕುವ ಮೊದಲು ಆ ಲ್ಯಾಬಿನವರಿಗೆ ಎರಡು ಪ್ರಶ್ನೆ ಕೇಳಿ: ಅಣು ಮಾಡಿಕೊಡುವ ಕೆಮಿಸ್ಟ್ರಿಯವರು ಯಾರು, ಎಕ್ಸ್‌ಎಂಸಿಡಿಗೆ ಬೀಮ್‌ಟೈಮ್ (ಸಿಂಕ್ರೊಟ್ರಾನಿನಲ್ಲಿ ಅಳೆಯಲು ಕೊಡುವ ಸಮಯ) ಎಲ್ಲಿಂದ ಸಿಗುತ್ತೆ. ಎರಡಕ್ಕೂ ಸರಿಯಾದ ಉತ್ತರ ಬಂದರೆ ಧೈರ್ಯವಾಗಿ ಸೇರಿಕೊಳ್ಳಿ.