ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಿಲ್ಲವೇ? ಬೂಸ್ಟರ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ತಾರಸಿಗೆ ಹೋದರೆ ಮೊಬೈಲಿನಲ್ಲಿ ಮೂರು ಕಡ್ಡಿ ಬರುತ್ತದೆ. ಕೆಳಗೆ ಹಾಲ್‌ನಲ್ಲಿ ಒಂದೂ ನಿಲ್ಲುವುದಿಲ್ಲ, ಮಾತು ಅರ್ಧಕ್ಕೇ ಕಟ್ ಆಗುತ್ತದೆ. ಬೂಸ್ಟರ್ ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ತಾರಸಿಯಲ್ಲಿ ಸಿಗ್ನಲ್ ಇದೆ ಎಂದಮೇಲೆ ಸರಿಹೋಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಬೂಸ್ಟರ್ ಹೊಸದಾಗಿ ಸಿಗ್ನಲ್ ಹುಟ್ಟಿಸುವುದಿಲ್ಲ. ಹೊರಗಿನ ಆಂಟೆನಾಗೆ ಸಿಕ್ಕಿದ್ದನ್ನು ಬಲಪಡಿಸಿ ಮನೆಯೊಳಗೆ ಬಿಡುತ್ತದೆ, ಒಳಗಿನ ಫೋನ್ ಕಳಿಸಿದ್ದನ್ನು ಬಲಪಡಿಸಿ ಟವರಿಗೆ ಮುಟ್ಟಿಸುತ್ತದೆ. ಹೊರಗೇ ಏನೂ ಇಲ್ಲದಿದ್ದರೆ ಅದು ಗದ್ದಲವನ್ನಷ್ಟೇ, ಅಂದರೆ ಬೇಡದ ರೇಡಿಯೊ ಅಲೆಗಳನ್ನಷ್ಟೇ ದೊಡ್ಡದು ಮಾಡುತ್ತದೆ.

ಆದರೆ ಕಡ್ಡಿ ಎಣಿಸಿ ತೀರ್ಮಾನಕ್ಕೆ ಬರಬೇಡಿ. ಎಷ್ಟು ಬಲಕ್ಕೆ ಎಷ್ಟು ಕಡ್ಡಿ ಎನ್ನುವುದು ಫೋನಿನಿಂದ ಫೋನಿಗೆ ಬೇರೆ. ನೋಡಬೇಕಾದ್ದು ಸಿಗ್ನಲ್ಲಿನ ಬಲ ಹೇಳುವ ಡಿಬಿಎಂ ಅಂಕಿ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂದು ಹೋದರೆ ಅದು ಕಾಣುತ್ತದೆ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಗುಂಡಿ ಮುಟ್ಟಿದರೆ ಫೀಲ್ಡ್ ಟೆಸ್ಟ್ ತೆರೆಯುತ್ತದೆ. ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. 4ಜಿಯಲ್ಲಿ ಈ ಬಲವನ್ನು ತೋರಿಸುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ಮೈನಸ್ 90ರ ಒಳಗಿದ್ದರೆ ಚಿಂತೆಯಿಲ್ಲ. ಮೈನಸ್ 105ರ ಆಸುಪಾಸು ದುರ್ಬಲ. ಮೈನಸ್ 115 ದಾಟಿದರೆ ಕರೆ ನಿಲ್ಲುವುದು ಕಷ್ಟ. ಬಲ ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದರ ಅಳತೆ ಡಿಬಿ. ಪ್ರತಿ 10 ಡಿಬಿಗೆ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಅಂದರೆ ಮೈನಸ್ 95ಕ್ಕೂ ಮೈನಸ್ 115ಕ್ಕೂ ನಡುವೆ ನೂರು ಪಟ್ಟಿನ ಅಂತರವಿದೆ.

ತಾರಸಿಯ ನಾಲ್ಕೂ ಮೂಲೆಯಲ್ಲಿ ಅಳೆದು ಬರೆದುಕೊಳ್ಳಿ. ಪ್ರತಿ ಮೂಲೆಯಲ್ಲಿ ಏರೋಪ್ಲೇನ್ ಮೋಡ್ ಹಾಕಿ ತೆಗೆದು, ಒಂದು ನಿಮಿಷ ಕಾದು ಓದಿ. ಹಾಗೆ ಮಾಡದಿದ್ದರೆ ಫೋನ್ ಹಿಂದೆ ಹಿಡಿದಿದ್ದ ಟವರನ್ನೇ ಬಿಡದೆ ಹಿಡಿದುಕೊಂಡು ತಪ್ಪು ಅಂಕಿ ತೋರಿಸಬಹುದು. ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂದು ಹೇಳುವ ಎಸ್‌ಐಎನ್‌ಆರ್ ಎಂಬ ಅಂಕಿಯೂ ಕಂಡರೆ ಅದನ್ನೂ ಬರೆದಿಡಿ. ಅದು ಸೊನ್ನೆಗಿಂತ ಕೆಳಗಿದ್ದರೆ ಸಿಗ್ನಲ್ ಗದ್ದಲದಲ್ಲಿ ಮುಳುಗಿದೆ ಎಂದರ್ಥ. ಬೂಸ್ಟರ್ ಎರಡನ್ನೂ ಒಟ್ಟಿಗೇ ಹಿಗ್ಗಿಸುವುದರಿಂದ ಕಡ್ಡಿ ತುಂಬುತ್ತದೆ, ಮಾತು ಮಾತ್ರ ಒಡೆಯುತ್ತಲೇ ಇರುತ್ತದೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಬೂಸ್ಟರ್ ಸಿಗುತ್ತದಲ್ಲ, ತರಿಸಿ ನಾವೇ ಹಾಕಿಕೊಳ್ಳಬಹುದೇ?

ಉತ್ತರ: ಭಾರತದಲ್ಲಿ ಹಾಗೆ ಮಾಡುವಂತಿಲ್ಲ. ಇಲ್ಲಿ ಬೂಸ್ಟರ್ ಅಥವಾ ರಿಪೀಟರ್ ಅಳವಡಿಸುವ ಅಧಿಕಾರ ಪರವಾನಗಿ ಪಡೆದ ದೂರಸಂಪರ್ಕ ಕಂಪನಿಗಳಿಗೆ ಮಾತ್ರ. ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೂ ಅಪರಾಧ. ಮಾರಾಟಕ್ಕೆ ಸಿಗುತ್ತದೆ ಎಂದಮಾತ್ರಕ್ಕೆ ಬಳಸಬಹುದು ಎಂದಲ್ಲ. ನಿಮ್ಮ ಸಿಮ್ ಕಂಪನಿಗೆ ಲಿಖಿತ ದೂರು ಕೊಡಿ. ವಿಳಾಸ, ಮನೆಯೊಳಗಿನ ಮತ್ತು ತಾರಸಿಯ ಡಿಬಿಎಂ ಅಂಕಿಗಳು, ಕರೆ ಕಟ್ಟಾದ ಸಮಯ, ಇವಿಷ್ಟೂ ಅದರಲ್ಲಿರಲಿ. ‘ನೆಟ್‌ವರ್ಕ್ ಇಲ್ಲ’ ಎಂಬ ಒಂದು ಸಾಲಿಗಿಂತ ಇಂಥ ದೂರನ್ನು ತಳ್ಳಿಹಾಕುವುದು ಕಷ್ಟ. ಅಮೆರಿಕದಲ್ಲಿ ಪ್ರಮಾಣೀಕೃತ ಬೂಸ್ಟರನ್ನು ಸಿಮ್ ಕಂಪನಿಯಲ್ಲಿ ನೋಂದಾಯಿಸಿ ಬಳಸಬಹುದು. ಬ್ರಿಟನ್ನಿನಲ್ಲಿ 2018ರಿಂದ ನಿಗದಿತ ಮಾನದಂಡಕ್ಕೆ ಒಪ್ಪುವ ಮನೆಬಳಕೆಯ ಬೂಸ್ಟರುಗಳಿಗೆ ಅವಕಾಶವಿದೆ. ಮುಂದಿನ ಉತ್ತರಗಳಲ್ಲಿರುವ ವಿವರ ಇಂಥ ಅನುಮತಿ ಇರುವ ಕಡೆಗೆ, ಅಥವಾ ಕಂಪನಿಯವರೇ ಬಂದು ಹಾಕುವಾಗ ಪಕ್ಕದಲ್ಲಿ ನಿಂತು ನೋಡಿಕೊಳ್ಳುವುದಕ್ಕೆ.

ಪ್ರಶ್ನೆ: ಮನೆಯಲ್ಲಿ ಫೈಬರ್ ಇಂಟರ್‌ನೆಟ್ ಇದೆ. ಆಗಲೂ ಬೂಸ್ಟರ್ ಬೇಕೇ?

ಉತ್ತರ: ಹೆಚ್ಚಾಗಿ ಬೇಡ. ವೈಫೈ ಕಾಲಿಂಗ್ ಆನ್ ಮಾಡಿ. ಕರೆ ಟವರಿನ ಬದಲು ನಿಮ್ಮ ಇಂಟರ್‌ನೆಟ್ ಮೂಲಕ ಹೋಗುತ್ತದೆ. ನಂಬರ್ ಅದೇ, ಆ ಕಡೆಯವರ ಬಳಿ ವೈಫೈ ಇರಬೇಕಾಗಿಯೂ ಇಲ್ಲ. ಒಂದು ಕರೆಗೆ 100 ಕೆಬಿಪಿಎಸ್ ವೇಗ ಸಾಕು.

ಆನ್ ಮಾಡಿದರೂ ಕರೆ ಕಟ್ಟಾಗುತ್ತಿದ್ದರೆ ಸಾಮಾನ್ಯವಾಗಿ ಕಾರಣ ಈ ಮೂರರಲ್ಲೊಂದು. ಮೊದಲನೆಯದು, ಮೈನಸ್ 112ರಂಥ ಕ್ಷೀಣ ಸಿಗ್ನಲ್ ಸಿಕ್ಕರೂ ಫೋನ್ ಟವರಿಗೇ ಜೋತುಬೀಳುವುದು. ಕಾಲಿಂಗ್ ಪ್ರಿಫರೆನ್ಸ್ ಎಂಬ ಆಯ್ಕೆಯಿದ್ದರೆ ವೈಫೈಗೆ ಆದ್ಯತೆ ಕೊಡಿ. ಇಲ್ಲದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿಕೊಂಡು ಪರೀಕ್ಷಿಸಿ. ಎರಡನೆಯದು, ರೂಟರಿನ ಕಾವಲು ವ್ಯವಸ್ಥೆಯಾದ ಫೈರ್‌ವಾಲ್, ವೈಫೈ ಕರೆ ಸಾಗುವ ದಾರಿಗಳಾದ ಯುಡಿಪಿ 500 ಮತ್ತು 4500 ಪೋರ್ಟುಗಳನ್ನು ತಡೆದಿರುವುದು. ಮೂರನೆಯದು, ಮಲಗುವ ಕೋಣೆಗೆ ವೈಫೈಯೇ ಸರಿಯಾಗಿ ತಲುಪದಿರುವುದು. ಕರೆಂಟ್ ಹೋದಾಗ ಕರೆಯೂ ಹೋಗದಂತೆ ರೂಟರಿಗೂ ಫೈಬರ್ ಪೆಟ್ಟಿಗೆಗೂ ಚಿಕ್ಕದೊಂದು ಯುಪಿಎಸ್ ಇರಲಿ.

ಪ್ರಶ್ನೆ: ಬೂಸ್ಟರ್ ಡಬ್ಬಿಯ ಮೇಲೆ ಇಡೀ ಮನೆಗೆ ಸಾಕೆಂದು ಬರೆದಿರುತ್ತದೆ. ನಿಜವಾಗಿ ಎಷ್ಟು ಜಾಗಕ್ಕೆ ಸಿಗುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಕೂಡಿಸಿ ಕಳೆದರೆ ಗೊತ್ತಾಗುತ್ತದೆ. ತಾರಸಿಯಲ್ಲಿ ಮೈನಸ್ 95 ಇದೆ ಎಂದುಕೊಳ್ಳಿ. ಒಂದೇ ದಿಕ್ಕಿಗೆ ಗುರಿಯಿಡುವ ಹೊರಗಿನ ಯಾಗಿ ಆಂಟೆನಾದಿಂದ 9 ಡಿಬಿ ಬಂತು, ಈಗ ಮೈನಸ್ 86. ಕೇಬಲ್ 4 ತಿಂದಿತು, ಮೈನಸ್ 90. ಬಲಪಡಿಸುವ ಯಂತ್ರವಾದ ಆಂಪ್ಲಿಫೈಯರ್ 60 ಸೇರಿಸಿತು, ಮೈನಸ್ 30. ಒಳಗಿನ ಆಂಟೆನಾ 2 ಕೊಟ್ಟಿತು, ಮೈನಸ್ 28. 4ಜಿ ಬಳಸುವ ಆವರ್ತನಗಳಲ್ಲೊಂದಾದ 1800 ಮೆಗಾಹರ್ಟ್ಸ್‌ನಲ್ಲಿ ಮೊದಲ ಒಂದು ಮೀಟರ್ ಗಾಳಿಯಲ್ಲೇ 38 ಡಿಬಿ ಹೋಗುತ್ತದೆ, ಹತ್ತು ಮೀಟರ್ ದೂರಕ್ಕೆ ಇನ್ನೂ 20. ಅಲ್ಲಿಗೆ ಮೈನಸ್ 86. ನಡುವೆ ಗೋಡೆಯೊಂದು 10 ಡಿಬಿ ನುಂಗಿದರೂ ಮೈನಸ್ 96 ಉಳಿಯಿತು, ಮಾತಿಗೆ ಧಾರಾಳ ಸಾಕು.

ಇದೇ ಲೆಕ್ಕವನ್ನು ತಾರಸಿಯಲ್ಲಿ ಮೈನಸ್ 110 ಇರುವ ಮನೆಗೆ ಹಾಕಿ ನೋಡಿ. ಗೋಡೆಯಾಚೆ ಸಿಗುವುದು ಮೈನಸ್ 111. ಯಂತ್ರ ಅದೇ, ಕೆಲಸಕ್ಕೆ ಬರುವುದು ಒಂದೇ ಕೋಣೆಯಲ್ಲಿ. ಅದಕ್ಕೇ ಡಬ್ಬಿಯ ಮೇಲಿನ ಚದರಡಿಯನ್ನು ನಂಬಬೇಡಿ, ನಿಮ್ಮ ತಾರಸಿಯ ಅಂಕಿಯನ್ನು ನಂಬಿ.

ಪ್ರಶ್ನೆ: ಡಿಶ್ ತೆಗೆಸಿದ ಮೇಲೆ 20 ಮೀಟರಿನಷ್ಟು ಟಿವಿ ಕೇಬಲ್ ಉಳಿದಿದೆ. ಅದನ್ನೇ ಹೊರಗಿನ ಆಂಟೆನಾಗೆ ಬಳಸಬಹುದೇ?

ಉತ್ತರ: ಅದು ಆರ್‌ಜಿ 6 ಎಂಬ ಬಗೆಯದಿರಬಹುದು, 75 ಓಮ್‌ನದು. ಓಮ್ ಎಂದರೆ ಇಲ್ಲಿ ಕೇಬಲ್ಲೂ ಯಂತ್ರವೂ ಒಂದಕ್ಕೊಂದು ಹೊಂದಬೇಕಾದ ಅಳತೆ. ಕೆಲವು ಬೂಸ್ಟರುಗಳನ್ನು ಅದಕ್ಕೆಂದೇ ಮಾಡಿರುತ್ತಾರೆ, ಅವಕ್ಕೆ ಸರಿ. ಉಳಿದವು 50 ಓಮ್‌ನವು. ಓಮ್ ಹೊಂದದಿರುವುದರಿಂದ ಆಗುವ ನಷ್ಟ ಜನ ಹೆದರುವಷ್ಟು ದೊಡ್ಡದಲ್ಲ. ಉದ್ದದಿಂದ ಆಗುವುದೇ ದೊಡ್ಡದು. 1800 ಮೆಗಾಹರ್ಟ್ಸ್‌ನಲ್ಲಿ 20 ಮೀಟರ್ ಆರ್‌ಜಿ 6 ಸುಮಾರು 6 ಡಿಬಿ ತಿನ್ನುತ್ತದೆ. ಅಷ್ಟೇ ಉದ್ದದ ದಪ್ಪ ಎಲ್‌ಎಂಆರ್ 400 ಕೇಬಲ್ ತಿನ್ನುವುದು 4ಕ್ಕಿಂತ ಕಡಿಮೆ. ತೆಳ್ಳಗಿನ ಆರ್‌ಜಿ 58 ಆದರೆ 10 ಡಿಬಿಗೂ ಹೆಚ್ಚು, ಅಂದರೆ ಆಂಟೆನಾ ದುಡಿದು ತಂದದ್ದೆಲ್ಲ ದಾರಿಯಲ್ಲೇ ಖರ್ಚು. ಹಳೆಯ ಟಿವಿ ಸ್ಪ್ಲಿಟರ್ ನಡುವೆ ಉಳಿದಿದ್ದರೆ ಕಿತ್ತುಹಾಕಿ.

ಕೇಬಲ್ ಗೋಡೆಯೊಳಕ್ಕೆ ಹೋಗುವ ಮುನ್ನ ಕೆಳಕ್ಕೊಂದು ಬಾಗು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಆಂಟೆನಾ ಬುಡದ ಕನೆಕ್ಟರಿಗೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ. ಕನೆಕ್ಟರಿನ ಒಳಗಿನ ತಂತಿ ಹಸಿರುಗಟ್ಟಿದ್ದರೆ ನೀರು ಹೊಕ್ಕಿದೆ ಎಂದು ಲೆಕ್ಕ. ಒರೆಸಿ ಮತ್ತೆ ಹಾಕಿ ಪ್ರಯೋಜನವಿಲ್ಲ, ಆ ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಬೇಕು. ಎತ್ತರದ ಕಂಬದ ಮೇಲಿನ ಆಂಟೆನಾಗೆ ಅರ್ತಿಂಗ್ ಮತ್ತು ಕೇಬಲ್ ಒಳಬರುವಲ್ಲಿ ಸಿಡಿಲು ತಡೆ, ಎರಡೂ ಇರಲೇಬೇಕು.

ಪ್ರಶ್ನೆ: ಕಚೇರಿಯಲ್ಲಿ ಅಧಿಕೃತವಾಗಿ ಹಾಕಿಸಿದ ಬೂಸ್ಟರಿನಲ್ಲಿ ಕೆಂಪು ದೀಪ ಮಿನುಗುತ್ತದೆ. ಆಫ್ ಮಾಡಿದಾಗಲೇ ಸಿಗ್ನಲ್ ಸ್ವಲ್ಪ ವಾಸಿ. ಯಂತ್ರ ಕೆಟ್ಟಿದೆಯೇ?

ಉತ್ತರ: ಯಂತ್ರ ಕೆಟ್ಟಿರಲಿಕ್ಕಿಲ್ಲ, ಆಂಟೆನಾಗಳನ್ನು ಇಟ್ಟ ಜಾಗ ತಪ್ಪಿರಬೇಕು. ಒಳಗಿನ ಆಂಟೆನಾ ಬಿಟ್ಟದ್ದು ಹೊರಗಿನದಕ್ಕೆ ತಲುಪಿ, ಮತ್ತೆ ಬಲಗೊಂಡು ಒಳಗೆ ಬಂದು, ಸುತ್ತುತ್ತಲೇ ಇರುತ್ತದೆ. ಮೈಕಿನೆದುರು ಸ್ಪೀಕರ್ ಇಟ್ಟಾಗ ಏಳುವ ಕೀರಲು ಸದ್ದಿನಂತೆಯೇ ಇದು. ಒಳ್ಳೆಯ ಯಂತ್ರ ಇದನ್ನು ಗುರುತಿಸಿ ತನ್ನ ಬಲವನ್ನು ತಾನೇ ಇಳಿಸುತ್ತದೆ ಅಥವಾ ನಿಂತುಬಿಡುತ್ತದೆ. ಅಗ್ಗದ್ದು ನಿಲ್ಲದೆ ಗದ್ದಲವನ್ನು ಟವರಿನತ್ತ ತೂರುತ್ತದೆ, ಆಗ ಸುತ್ತಮುತ್ತಲಿನವರ ಕರೆಗಳೂ ಹಾಳು. ಕಾನೂನು ಬಿಗಿಯಾಗಿರುವುದು ಈ ಕಾರಣಕ್ಕೇ, ಮತ್ತು ಅದು ನ್ಯಾಯವಾಗಿಯೇ ಇದೆ.

ದೀಪದ ಕಾರಣ ಹೀಗೆ ಪತ್ತೆ ಮಾಡಿ. ಪವರ್ ತೆಗೆದು, ಒಳಗಿನ ಆಂಟೆನಾದ ಕೇಬಲ್ ಬಿಚ್ಚಿ, ಆ ಜಾಗಕ್ಕೆ ಸಿಗ್ನಲನ್ನು ಹೊರಬಿಡದೆ ಹೀರಿಕೊಳ್ಳುವ 50 ಓಮ್ ಟರ್ಮಿನೇಟರ್ ತಿರುಗಿಸಿ ಮತ್ತೆ ಪವರ್ ಕೊಡಿ. ದೀಪ ಹಸಿರಾದರೆ ತೊಂದರೆ ಮೇಲೆ ಹೇಳಿದ ಸುತ್ತಾಟದ್ದೇ. ಕೆಂಪಾಗಿಯೇ ಉಳಿದರೆ ಹೊರಗಿನಿಂದ ಅತಿಬಲದ ಸಿಗ್ನಲ್ ಬರುತ್ತಿದೆ, ಯಾವುದೋ ಟವರ್ ತೀರಾ ಹತ್ತಿರವಿದೆ. ಆಗ ಹೊರ ಆಂಟೆನಾವನ್ನು ಆ ದಿಕ್ಕಿನಿಂದ ತಿರುಗಿಸಬೇಕು, ಸಾಲದಿದ್ದರೆ ಅದರ ಕೇಬಲಿಗೆ ಸಿಗ್ನಲ್ ಬಲ ಇಳಿಸುವ 10 ಡಿಬಿ ಅಟೆನ್ಯುಯೇಟರ್ ಹಾಕಿಸಬೇಕು.

ಸುತ್ತಾಟವೇ ಆದರೆ, ಎರಡು ಆಂಟೆನಾಗಳ ನಡುವಿನ ತಡೆ, ಅಂದರೆ ಒಂದರಿಂದ ಇನ್ನೊಂದಕ್ಕೆ ತಲುಪುವಷ್ಟರಲ್ಲಿ ಸಿಗ್ನಲ್ ಕಳೆದುಕೊಳ್ಳುವ ಬಲ, ಯಂತ್ರ ಸೇರಿಸುವ ಬಲಕ್ಕಿಂತ ಕನಿಷ್ಠ 15 ಡಿಬಿ ಹೆಚ್ಚಿರಬೇಕು. 60 ಡಿಬಿ ಯಂತ್ರಕ್ಕೆ 75. ಅಡ್ಡಡ್ಡ ದೂರಕ್ಕಿಂತ ಮೇಲೆ ಕೆಳಗಿನ ದೂರ ಹೆಚ್ಚು ಫಲ ಕೊಡುತ್ತದೆ, ನಡುವೆ ಕಾಂಕ್ರೀಟ್ ಚಾವಣಿ ಬಂದರೆ ಇನ್ನೂ ಒಳ್ಳೆಯದು. ಹೊರಗಿನ ಯಾಗಿಯ ಬೆನ್ನು ಕಟ್ಟಡದ ಕಡೆಗಿರಲಿ, ಒಳಗಿನ ಪ್ಯಾನೆಲ್ ಆಂಟೆನಾ ಅದಕ್ಕೆ ವಿರುದ್ಧ ದಿಕ್ಕಿಗೆ ಮುಖ ಮಾಡಲಿ. ಅಷ್ಟಾದರೂ ದೀಪ ಆರದಿದ್ದರೆ ಬಲವನ್ನು 5 ಡಿಬಿಯಂತೆ ಇಳಿಸುತ್ತ ಹೋಗಿ, ದೀಪ ಆರಿದ ಮೇಲೆ ಇನ್ನೊಂದು ಹೆಜ್ಜೆ ಇಳಿಸಿಡಿ. ಜನ ಓಡಾಡಿದಾಗ, ಬಾಗಿಲು ತೆರೆದಾಗ ತಡೆ ಏರುಪೇರಾಗುತ್ತದೆ, ಆ ಹೆಜ್ಜೆ ಅದಕ್ಕಾಗಿ.

ಪ್ರಶ್ನೆ: ಕಡ್ಡಿ ಪೂರ್ತಿ ಇದ್ದರೂ ಸಂಜೆ ಹೊತ್ತು ಇಂಟರ್‌ನೆಟ್ ತೆವಳುತ್ತದೆ. ಫೋನಿನ ಹಿಂದೆ ಅಂಟಿಸುವ ಬೂಸ್ಟರ್ ಸ್ಟಿಕ್ಕರ್ ಸಹಾಯ ಮಾಡುತ್ತದೆಯೇ?

ಉತ್ತರ: ಇಲ್ಲ. ವಿದ್ಯುತ್ತಿಲ್ಲದ ಸ್ಟಿಕ್ಕರಿಗೆ ಏನನ್ನೂ ಬಲಪಡಿಸುವ ಶಕ್ತಿಯಿಲ್ಲ. ನಿಮ್ಮದು ಟವರಿನಲ್ಲಿ ಜನಸಂದಣಿ ಇರುವ ಲಕ್ಷಣ, ನಿಜವಾದ ಬೂಸ್ಟರ್ ಹಾಕಿದರೂ ಹೋಗುವಂಥದ್ದಲ್ಲ. ಬೆಳಗಿನ ಜಾವ ವೇಗ ಅಳೆದು ಸಂಜೆಯದರೊಂದಿಗೆ ಹೋಲಿಸಿ. ಡಿಬಿಎಂ ಅಷ್ಟೇ ಇದ್ದು ವೇಗ ಮಾತ್ರ ಕುಸಿದಿದ್ದರೆ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ.